ಹಳೆಯ ಟಿ.ವಿ. ಗೇಮ್, ಹೊಸ ಲ್ಯಾಪ್‌ಟಾಪ್: ಎಮ್ಯುಲೇಟರ್‌ನಲ್ಲಿ ಆಡಿದರೆ ಕಾನೂನು ಏನು ಹೇಳುತ್ತದೆ?

(ಈ ವಾರದ ವಕೀಲರೊಂದಿಗೆ ಪ್ರಶ್ನೋತ್ತರ. ಉತ್ತರಿಸುವವರು ಧಾರವಾಡದಲ್ಲಿ ಹಕ್ಕುಸ್ವಾಮ್ಯ ಮತ್ತು ಟ್ರೇಡ್‌ಮಾರ್ಕ್ ಪ್ರಕರಣಗಳನ್ನು ನಡೆಸುವ ವಕೀಲೆ, ನಮ್ಮ ಗುಂಪಿನ ಸದಸ್ಯೆ.)

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ):
ವಕೀಲರೇ, ನಮಸ್ಕಾರ. ಮನೆಗೆ ಬಣ್ಣ ಹಚ್ಚಿಸುವಾಗ ಅಟ್ಟದ ಮೇಲಿನಿಂದ ನಮ್ಮ ಕಾಕಾ ಹೊರದೇಶದಿಂದ ತಂದುಕೊಟ್ಟಿದ್ದ ಮೊದಲ ತಲೆಮಾರಿನ ಪ್ಲೇಸ್ಟೇಷನ್ ಸಿಕ್ಕಿತು. ಜೊತೆಗೆ ಕಪ್ಪು ತಳದ ಅಸಲಿ ಡಿಸ್ಕುಗಳು, ಅವುಗಳ ಡಬ್ಬಿ, ಕೈಪಿಡಿ ಎಲ್ಲ ಇವೆ. ಯಂತ್ರ ಆನ್ ಆಗುತ್ತದೆ, ಆದರೆ ಡಿಸ್ಕ್ ಓದುವುದಿಲ್ಲ. ಡಿಸ್ಕುಗಳನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡು ಎಮ್ಯುಲೇಟರ್‌ನಲ್ಲಿ ಆಡಬಹುದೇ? ಎಮ್ಯುಲೇಟರ್ ಇಟ್ಟುಕೊಳ್ಳುವುದೇ ಅಪರಾಧ ಎಂದು ಕಚೇರಿಯ ಗೆಳೆಯನೊಬ್ಬ ಹೇಳುತ್ತಾನೆ. ಇಪ್ಪತ್ತು ವರ್ಷ ದಾಟಿದ ಆಟಕ್ಕೆ ಯಾವ ಹಕ್ಕೂ ಉಳಿದಿರುವುದಿಲ್ಲ ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ನಂಬಲಿ?

ಉತ್ತರ:
ಅಣ್ಣಾ, ಇಬ್ಬರ ಮಾತನ್ನೂ ನಂಬಬೇಡಿ. ಇಬ್ಬರೂ ತಪ್ಪು ಹೇಳಿದ್ದಾರೆ.

ಎಮ್ಯುಲೇಟರ್ ಎಂದರೆ ಹಳೆಯ ಯಂತ್ರದ ಕೆಲಸವನ್ನು ಹೊಸ ಕಂಪ್ಯೂಟರಿನಿಂದ ಮಾಡಿಸುವ ತಂತ್ರಾಂಶ. ಅದನ್ನು ಬರೆದವನು ಸ್ವಂತವಾಗಿ ಬರೆದಿದ್ದರೆ ಅದು ಅವನದೇ ಕೃತಿ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯನ್ನು ಇಂದಿನ ಹೊಸ ಯಂತ್ರದ ಮೇಲಿಟ್ಟು ಸವಾಯಿ ಗಂಧರ್ವರನ್ನು ಕೇಳಿದರೆ ಆ ಯಂತ್ರವನ್ನು ಯಾರೂ ಪ್ರಶ್ನಿಸುವುದಿಲ್ಲ. ತಟ್ಟೆ ಎಲ್ಲಿಂದ ಬಂತು ಎಂದು ಮಾತ್ರ ಕೇಳುತ್ತಾರೆ. ಇಲ್ಲಿಯೂ ಹಾಗೆಯೇ. ಈ ಸರಣಿಯಲ್ಲಿ ಮುಂದೆ ಯಾರು ಏನೇ ಕೇಳಿದರೂ ನಾನು ಮತ್ತೆ ಮತ್ತೆ ಈ ಒಂದೇ ಪ್ರಶ್ನೆಗೆ ಬರುತ್ತೇನೆ: ಆಟದ ಪ್ರತಿ ನಿಮ್ಮ ಕೈಗೆ ಎಲ್ಲಿಂದ ಬಂತು?

ನಿಮ್ಮದೇ ಪ್ಲೇಸ್ಟೇಷನ್ ವಿಷಯದಲ್ಲಿ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯ ನಡೆದಿದೆ. ಕನೆಕ್ಟಿಕ್ಸ್ ಎಂಬ ಕಂಪನಿ ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ ಮಾಡಿ ಮಾರಾಟಕ್ಕಿಟ್ಟಿತು. ಪ್ಲೇಸ್ಟೇಷನ್ ತಯಾರಿಸುವ ಸೋನಿ ದಾವೆ ಹೂಡಿತು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಕನೆಕ್ಟಿಕ್ಸ್‌ನವರು ಸೋನಿಯ ಬಯೋಸ್ ಅನ್ನು (ಯಂತ್ರದ ಚಿಪ್‌ನಲ್ಲಿರುವ ಮೂಲ ಪ್ರೋಗ್ರಾಂ ಅನ್ನು) ನಕಲು ಮಾಡಿ ಅಭ್ಯಾಸ ಮಾಡಿದ್ದು ನಿಜ. ಆದರೆ ಮಾರಾಟಕ್ಕಿಟ್ಟ ತಂತ್ರಾಂಶದಲ್ಲಿ ಸೋನಿಯ ಒಂದು ಸಾಲೂ ಇರಲಿಲ್ಲ. ಅದು ನ್ಯಾಯಯುತ ಬಳಕೆ ಎಂದು ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ತೀರ್ಪು ಕೊಟ್ಟಿತು. ಮುಂದೆ 2018ರಲ್ಲಿ ಸೋನಿಯೇ ‘ಪ್ಲೇಸ್ಟೇಷನ್ ಕ್ಲಾಸಿಕ್’ ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಾಗ ಅದರೊಳಗೆ ಇದ್ದುದು ಹವ್ಯಾಸಿಗಳು ಕಟ್ಟಿದ ಒಂದು ಮುಕ್ತ ಎಮ್ಯುಲೇಟರ್. ಅಂದಮೇಲೆ ಎಮ್ಯುಲೇಟರ್ ಇಟ್ಟುಕೊಳ್ಳುವುದೇ ಅಪರಾಧ ಎಂಬ ಮಾತಿಗೆ ಬುಡವಿಲ್ಲ.

ಅಮೆರಿಕದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ವಾದಕ್ಕೆ ಬಲ ಕೊಡುತ್ತದೆ, ಅಷ್ಟೆ. ನಿಮಗೆ ಬೇಕಾದದ್ದು ನಮ್ಮ ಹಕ್ಕುಸ್ವಾಮ್ಯ ಕಾಯ್ದೆ, 1957. ಈ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಆಟದ ಡಿಸ್ಕಿನಲ್ಲಿರುವುದೂ ಪ್ರೋಗ್ರಾಮೇ. ಯಾವುದು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುವ 52ನೇ ಕಲಂನಲ್ಲಿ ನಿಮ್ಮ ಪಾಲಿಗೆ ಎರಡು ಉಪಕಲಂಗಳಿವೆ.

ಮೊದಲನೆಯದು 52(1)(ಎಎ). ಪ್ರೋಗ್ರಾಂನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಆ ಪ್ರತಿಯಿಂದ, ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಿಕೊಳ್ಳಲು ಅಥವಾ ಕಳೆದು ಹಾಳಾಗದಂತೆ ಕಾಪಾಡಿಕೊಳ್ಳಲು ನಕಲು ಮಾಡಿಕೊಳ್ಳಬಹುದು. ಇದರಲ್ಲಿ ಒಂದು ತೊಡಕಿದೆ. ‘ಕೊಟ್ಟ ಉದ್ದೇಶ’ ಎಂದರೆ ಪ್ಲೇಸ್ಟೇಷನ್‌ನಲ್ಲಿ ಆಡುವುದು, ಲ್ಯಾಪ್‌ಟಾಪ್‌ನಲ್ಲಿ ಅಲ್ಲ ಎಂದು ಎದುರು ಪಕ್ಷದ ವಕೀಲರು ವಾದಿಸಬಹುದು.

ಆಗ ನಾನು ಆತುಕೊಳ್ಳುವುದು ಎರಡನೆಯದನ್ನು, ಅಂದರೆ 52(1)(ಎಡಿ)ಯನ್ನು. ಅದು 1999ರ ತಿದ್ದುಪಡಿಯಲ್ಲಿ ಬಂದದ್ದು. ಸ್ವತಃ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವಾಣಿಜ್ಯೇತರ ವೈಯಕ್ತಿಕ ಬಳಕೆಗೆ, ಪ್ರೋಗ್ರಾಂನ ನಕಲು ಅಥವಾ ರೂಪಾಂತರ ಮಾಡಿಕೊಂಡರೆ ಉಲ್ಲಂಘನೆಯಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ಅಲ್ಲಿ ‘ಕೊಟ್ಟ ಉದ್ದೇಶ’ ಎಂಬ ಷರತ್ತಿಲ್ಲ. ನಿಮ್ಮ ಸಂದರ್ಭಕ್ಕೆ ಅಳತೆ ತೆಗೆದು ಹೊಲಿದಷ್ಟು ಸರಿಯಾಗಿ ಹೊಂದುತ್ತದೆ. ಕಾಕಾ ಅಸಲಿ ಡಿಸ್ಕ್ ಕೊಂಡು ನಿಮಗೆ ಕೊಟ್ಟರು, ಅದು ಈಗ ನಿಮ್ಮದು. ನೀವು ಮನೆಯಲ್ಲಿ ಆಡುತ್ತೀರಿ, ಯಾರಿಂದಲೂ ದುಡ್ಡು ಪಡೆಯುತ್ತಿಲ್ಲ. ಆಡಿ.

ನಕಲು ತಡೆಯುವ ತಾಂತ್ರಿಕ ಬೀಗವನ್ನು ಒಡೆಯುವ ಪ್ರಶ್ನೆಯೂ ನಿಮಗೆ ಬರುವುದಿಲ್ಲ. ಆ ಕಾಲದ ಪ್ಲೇಸ್ಟೇಷನ್ ಡಿಸ್ಕಿನ ದತ್ತಾಂಶಕ್ಕೆ ಗೂಢಲಿಪಿ ಇಲ್ಲ. ಡಿಸ್ಕಿನ ಒಳಸುತ್ತಿನಲ್ಲಿ ಗೀರಿನ ಸಣ್ಣ ಅಲುಗಾಟವೊಂದನ್ನು ಅಚ್ಚೊತ್ತಿರುತ್ತಾರೆ. ಯಂತ್ರ ಅದನ್ನು ಓದಿ ‘ಇದು ಅಸಲಿ’ ಎಂದು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರಿನ ಸಿ.ಡಿ. ಡ್ರೈವ್ ಆ ಗುರುತನ್ನು ನೋಡುವುದೇ ಇಲ್ಲ, ನೇರವಾಗಿ ದತ್ತಾಂಶವನ್ನು ಓದುತ್ತದೆ. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ಡಿಸ್ಕಿನ ತಳವನ್ನು ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಬಯೋಸ್ ಎಂದರೆ ಪ್ಲೇಸ್ಟೇಷನ್‌ನ ಒಳಗಿನ ಚಿಪ್‌ನಲ್ಲಿರುವ 512 ಕಿಲೋಬೈಟ್‌ನ ಪ್ರೋಗ್ರಾಂ. ಅದರ ಹಕ್ಕು ಸೋನಿಯದು. ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ. ನಿಮ್ಮ ಯಂತ್ರದಿಂದಲೇ ಅದನ್ನು ಹೊರತೆಗೆಯಬಹುದು, ಅದಕ್ಕೂ (ಎಡಿ)ಯ ಆಶ್ರಯವಿದೆ. ಆ ಗೋಜು ಬೇಡ ಎಂದರೆ ಬಯೋಸ್ ಬದಲಿಗೆ ಸ್ವಂತವಾಗಿ ಬರೆದ ಭಾಗವನ್ನು ಬಳಸುವ ಎಮ್ಯುಲೇಟರ್‌ಗಳೂ ಇವೆ.

ಇನ್ನು ‘ಇಪ್ಪತ್ತು ವರ್ಷ’ದ ಮಾತು. ಇಪ್ಪತ್ತು ವರ್ಷ ಪೇಟೆಂಟಿನ ಅವಧಿ. ಹಕ್ಕುಸ್ವಾಮ್ಯದ ಅವಧಿ ನಮ್ಮಲ್ಲಿ ಕರ್ತೃವಿನ ಜೀವಿತಕಾಲ ಮತ್ತು ಆಮೇಲಿನ 60 ವರ್ಷ. ಟಿ.ವಿ.ಗೆ ಹಚ್ಚಿ ಆಡುವ ಆಟಗಳು ಬಂದದ್ದೇ 1970ರ ದಶಕದಲ್ಲಿ. ಲೆಕ್ಕ ನೀವೇ ಹಾಕಿ.

ಮರುಪ್ರಶ್ನೆ (ಅದೇ ಸದಸ್ಯರು):
ತುಂಬ ಉಪಕಾರವಾಯಿತು, ವಕೀಲರೇ. ಎರಡು ಡಿಸ್ಕುಗಳಿಗೆ ಆಳವಾದ ಗೀರು ಬಿದ್ದಿದೆ, ಯಾವ ಡ್ರೈವೂ ಓದುತ್ತಿಲ್ಲ. ದುಡ್ಡು ಕೊಟ್ಟು ಕೊಂಡದ್ದೇ ತಾನೆ? ಅದೇ ಆಟವನ್ನು ಜಾಲತಾಣದಿಂದ ಇಳಿಸಿಕೊಂಡರೆ ಏನು?

ಉತ್ತರ:
ನ್ಯಾಯವಾಗಿ ನೋಡಿದರೆ ನಿಮ್ಮ ಮಾತು ಮನಸ್ಸಿಗೆ ಒಪ್ಪುತ್ತದೆ. ಕಾಯ್ದೆ ಅಷ್ಟು ದೂರ ಬರುವುದಿಲ್ಲ. (ಎಎ)ಯಲ್ಲಿ ‘ಆ ಪ್ರತಿಯಿಂದ’ ಎಂದಿದೆ, (ಎಡಿ)ಯಲ್ಲಿ ‘ಸ್ವತಃ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ’ ಎಂದಿದೆ. ಎರಡೂ ಕಡೆ ನಕಲು ಹುಟ್ಟಬೇಕಾದದ್ದು ನಿಮ್ಮ ಕೈಯಲ್ಲಿರುವ ಡಿಸ್ಕಿನಿಂದ. ಜಾಲತಾಣದ ಫೈಲು ಯಾರೋ ಅನುಮತಿಯಿಲ್ಲದೆ ಹಂಚಿದ್ದು. ಡಿಸ್ಕ್ ನಿಮ್ಮಲ್ಲಿದೆ ಎಂಬ ಕಾರಣಕ್ಕೆ ಅದು ಶುದ್ಧವಾಗುವುದಿಲ್ಲ. ಡಿಸ್ಕ್ ತಳದ ಪಾಲಿಶ್ ಮಾಡಿಸಿ ನೋಡಿ, ಬೇರೆ ಬೇರೆ ಕಂಪನಿಯ ಡ್ರೈವ್‌ಗಳಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಮತ್ತೊಂದು ಓದುವುದುಂಟು. ಆದರೆ ಗೀರು ಮೇಲ್ಭಾಗದಲ್ಲಿ, ಚಿತ್ರ ಅಚ್ಚಾಗಿರುವ ಕಡೆ ಇದ್ದರೆ ಪಾಲಿಶ್‌ನಿಂದ ಪ್ರಯೋಜನವಿಲ್ಲ. ದತ್ತಾಂಶದ ಪದರ ಇರುವುದೇ ಅಲ್ಲಿ.

ಮುಂದೆ ಆ ಡಿಸ್ಕುಗಳನ್ನು ಮಾರಿದರೆ ಲ್ಯಾಪ್‌ಟಾಪ್‌ನ ನಕಲನ್ನೂ ಅಳಿಸಬೇಕು. ಡಿಸ್ಕ್ ಇನ್ನೊಬ್ಬರ ಪಾಲಾದ ಮೇಲೆ ನೀವು ಅದರ ಕಾನೂನುಬದ್ಧ ಸ್ವಾಧೀನದಾರರಲ್ಲ. ಮಾರದಿದ್ದರೆ ಇನ್ನೂ ಒಳ್ಳೆಯದು. ಡಬ್ಬಿ, ಕೈಪಿಡಿ, ಡಿಸ್ಕ್ ಎಲ್ಲ ಒಟ್ಟಿಗೆ ಉಳಿದಿರುವ ಮನೆಗಳು ನಮ್ಮ ಕಡೆ ಅಪರೂಪ.

ಪ್ರಶ್ನೆ (ಸಪ್ತಾಪುರ, ಧಾರವಾಡ):
ಮೇಡಂ, ನನ್ನ ಮಗ ಒಂಬತ್ತನೆಯ ತರಗತಿ. ಮೊಬೈಲಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಹಳೆಯ ಆಟಗಳ ದೊಡ್ಡ ಕಂತೆಯನ್ನೇ ಇಳಿಸಿಕೊಂಡಿದ್ದಾನೆ. ನಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್‌ನಲ್ಲಿ ‘ಇಂಥವರಿಗೆ ಮೂರು ವರ್ಷ ಜೈಲು, ಎರಡು ಲಕ್ಷ ದಂಡ’ ಎಂಬ ಸಂದೇಶ ಬಂದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ನಿಜವೇ?

ಉತ್ತರ:
ಅಕ್ಕಾ, ಮೊದಲು ಧೈರ್ಯವಾಗಿರಿ. ಸಂದೇಶದಲ್ಲಿರುವ ಅಂಕಿಗಳು ಕಾಯ್ದೆಯವೇ, ಆದರೆ ಅರ್ಧವನ್ನಷ್ಟೇ ಹೇಳಿದ್ದಾರೆ. ಅವು ಗರಿಷ್ಠ ಮಿತಿ. 63ಬಿ ಕಲಂ ಪ್ರಕಾರ, ಉಲ್ಲಂಘನೆಯ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಲಂನ ಪರಂತುಕವನ್ನು, ಅಂದರೆ ವಿನಾಯಿತಿ ಹೇಳುವ ಭಾಗವನ್ನು, ಸಂದೇಶ ಬರೆದವರು ಬಿಟ್ಟಿದ್ದಾರೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲವಾದರೆ, ನ್ಯಾಯಾಲಯ ಕಾರಣ ಬರೆದು ಸೆರೆವಾಸವನ್ನೇ ಕೈಬಿಟ್ಟು 50 ಸಾವಿರದೊಳಗಿನ ದಂಡವನ್ನಷ್ಟೇ ಹಾಕಬಹುದು. ನಿಮ್ಮ ಮಗ ಇನ್ನೂ ಬಾಲಕ. ಅವನನ್ನು ದೊಡ್ಡವರ ನ್ಯಾಯಾಲಯಕ್ಕೆ ನಿಲ್ಲಿಸುವ ಪ್ರಶ್ನೆಯೇ ಇಲ್ಲಿಲ್ಲ. ಹಕ್ಕುದಾರ ಕಂಪನಿಗಳು ಬೆನ್ನು ಹತ್ತುವುದು ಫೈಲು ಹಂಚುವ ತಾಣಗಳನ್ನು. 2018ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಅಮೆರಿಕದಲ್ಲಿ ಅಂಥ ಒಂದು ತಾಣ ನಡೆಸುತ್ತಿದ್ದವರ ಮೇಲೆ 1.2 ಕೋಟಿ ಡಾಲರ್‌ನ ತೀರ್ಪು ಪಡೆಯಿತು. ಒಂಬತ್ತನೆಯ ತರಗತಿಯ ಹುಡುಗರ ಮನೆ ಬಾಗಿಲು ತಟ್ಟಲಿಲ್ಲ.

ಹಾಗೆಂದು ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಇಳಿಸಿಕೊಂಡ ಆಟಗಳನ್ನು ಅಳಿಸಲು ಹೇಳಿ. ಎಮ್ಯುಲೇಟರ್ ಇರಲಿ. ಹೊಸದಾಗಿ ಹವ್ಯಾಸಿಗಳೇ ಬರೆದು ಉಚಿತವಾಗಿ ಹಂಚುವ ಆಟಗಳು ಬೇಕಾದಷ್ಟಿವೆ, ಅವನ್ನು ಅದರಲ್ಲೇ ಆಡಬಹುದು. ಅಂದಹಾಗೆ, ಆಪಲ್ ಕಂಪನಿ 2024ರ ಏಪ್ರಿಲ್‌ನಲ್ಲಿ ಹಳೆಯ ಆಟಗಳ ಎಮ್ಯುಲೇಟರ್‌ಗಳನ್ನು ತನ್ನ ಆ್ಯಪ್ ಮಳಿಗೆಗೆ ಬಿಟ್ಟುಕೊಂಡಿದೆ.

ನನಗೆ ನಿಜವಾಗಿ ಆತಂಕ ಆಗುವುದು ಬೇರೆ ಎರಡು ವಿಷಯಕ್ಕೆ. ಇಂಥ ತಾಣಗಳಲ್ಲಿ ಆಟದ ಹೆಸರಿನಲ್ಲಿ ಬೇರೇನನ್ನೋ ಫೋನಿಗೆ ಇಳಿಸುತ್ತಾರೆ, ಜೂಜಿನ ಜಾಹೀರಾತನ್ನು ಮಕ್ಕಳ ಕಣ್ಣಿಗೆ ಒಡ್ಡುತ್ತಾರೆ. ಮಗ ಎಮ್ಯುಲೇಟರನ್ನು ಅಧಿಕೃತ ಮಳಿಗೆಯಿಂದ ಹಾಕಿಕೊಂಡನೋ ಎಲ್ಲಿಂದಲೋ ಎಪಿಕೆ (ಮಳಿಗೆಯ ಹೊರಗೆ ಸಿಗುವ ಆ್ಯಪ್ ಫೈಲು) ಇಳಿಸಿದನೋ, ಇವತ್ತೇ ಅವನ ಪಕ್ಕ ಕುಳಿತು ನೋಡಿ. ಎರಡನೆಯದು, ಈ ಭಯವನ್ನೇ ಬಂಡವಾಳ ಮಾಡಿಕೊಳ್ಳುವ ಕಳ್ಳರು. ‘ನಿಮ್ಮ ಮಗನ ಮೇಲೆ ಹಕ್ಕುಸ್ವಾಮ್ಯದ ಕೇಸ್ ಆಗಿದೆ, ವಿಡಿಯೊ ಕರೆಯಲ್ಲೇ ಇರಿ, ದುಡ್ಡು ಕಳಿಸಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಪೊಲೀಸರಲ್ಲ. ಕರೆ ಕತ್ತರಿಸಿ, ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಪ್ರಶ್ನೆ (ಹಾವೇರಿ):
ವಕೀಲ ಸಾಹೇಬರೇ, ನನ್ನದು ಮೊಬೈಲ್ ರಿಪೇರಿ ಅಂಗಡಿ. ಹಳೆಯ ಟಿ.ವಿ. ಗೇಮ್ ಬೇಕು ಎಂದು ಬಹಳ ಮಂದಿ ಬರುತ್ತಾರೆ. ಟಿ.ವಿ.ಗೆ ಚುಚ್ಚುವ ಗೇಮ್ ಸ್ಟಿಕ್ ತರಿಸಿ, ಮೆಮೊರಿ ಕಾರ್ಡಿಗೆ ಆಟ ತುಂಬಿ ಕೊಟ್ಟರೆ ನಾಲ್ಕು ಕಾಸು ಸಿಗುತ್ತದೆ. ಆನ್‌ಲೈನ್‌ನಲ್ಲಿ ಎಲ್ಲರೂ ಮಾರುತ್ತಿದ್ದಾರೆ. ನಾನೂ ಮಾಡಬಹುದೇ?

ಉತ್ತರ:
ಬೇಡ ಅಣ್ಣಾ. ಇದಕ್ಕೆ ಕೈ ಹಾಕಬೇಡಿ.

ಮೇಲಿನ ಅಕ್ಕನಿಗೆ ಹೇಳಿದ ರಿಯಾಯಿತಿ ನಿಮಗೆ ಸಿಗುವುದಿಲ್ಲ. ದುಡ್ಡು ಪಡೆದ ಕ್ಷಣ ಅದು ವ್ಯಾಪಾರ. ಆಗ 63ನೇ ಕಲಂ ಬರುತ್ತದೆ: ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಎರಡನೆಯ ಬಾರಿ ಸಿಕ್ಕಿಬಿದ್ದರೆ 63ಎ ಕಲಂ ಪ್ರಕಾರ ಕನಿಷ್ಠ ಶಿಕ್ಷೆ ಒಂದು ವರ್ಷ, ಕನಿಷ್ಠ ದಂಡ ಒಂದು ಲಕ್ಷ. ಈ ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಿನಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು. 64ನೇ ಕಲಂ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ನಕಲು ಪ್ರತಿಗಳನ್ನೂ ಅವುಗಳನ್ನು ತಯಾರಿಸಲು ಬಳಸಿದ ಸಾಧನಗಳನ್ನೂ ವಶಪಡಿಸಿಕೊಳ್ಳಬಹುದು. ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಲೆಕ್ಕ, ರಿಪೇರಿಗೆ ಬಂದ ಫೋನುಗಳ ಬ್ಯಾಕಪ್ ಎಲ್ಲ ಇರುತ್ತದೆ. ಅದೇ ಠಾಣೆಗೆ ಹೋದರೆ ಅಂಗಡಿ ನಡೆಯುವುದು ಹೇಗೆ? ಆನ್‌ಲೈನ್‌ನಲ್ಲಿ ಎಲ್ಲರೂ ಮಾರುತ್ತಾರೆ ಎಂಬ ಸಮಜಾಯಿಷಿ ನ್ಯಾಯಾಧೀಶರ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ.

ನಿಮ್ಮ ಕೈಯಲ್ಲಿ ಕೌಶಲ ಇದೆ, ಅದನ್ನು ಮಾರಿ. ಹಳೆಯ ಯಂತ್ರದ ಲೆನ್ಸ್ ಸ್ವಚ್ಛ ಮಾಡುವುದು, ಕಂಟ್ರೋಲರ್‌ನ ರಬ್ಬರ್ ಬದಲಿಸುವುದು, ಉಬ್ಬಿದ ಕೆಪಾಸಿಟರ್ ತೆಗೆದು ಹೊಸದು ಬೆಸೆಯುವುದು, ಹೊಸ ಟಿ.ವಿ.ಗೆ ಹಳೆಯ ಎವಿ ವೈರ್ ಹೊಂದಿಸುವ ಪರಿವರ್ತಕ ಕೊಡುವುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಗಿರಾಕಿ ತನ್ನ ಅಸಲಿ ಡಿಸ್ಕನ್ನು ನಕಲು ಮಾಡಿಕೊಳ್ಳಲು ಬಯಸಿದರೆ ಡ್ರೈವ್ ಮಾರಿ, ಹೇಗೆಂದು ತೋರಿಸಿಕೊಡಿ. ನಕಲನ್ನು ಅವರೇ ಮನೆಯಲ್ಲಿ ಮಾಡಿಕೊಳ್ಳಲಿ. (ಎಡಿ)ಯ ರಕ್ಷಣೆ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ. ಕೂಲಿ ಪಡೆದು ನೀವು ಮಾಡಿಕೊಟ್ಟರೆ ಆ ರಕ್ಷಣೆ ನಿಮಗೂ ಇದೆ ಎಂದು ನಾನು ಬರೆದುಕೊಡಲಾರೆ.

ಮರುಪ್ರಶ್ನೆ (ಹಾವೇರಿ):
ನಾವು ಚಿಕ್ಕವರಿದ್ದಾಗ ಆಡಿದ ಹಳದಿ ಕ್ಯಾಸೆಟ್‌ಗಳು ನನ್ನ ಬಳಿ ಇನ್ನೂ ಇವೆ. ಕೊಂಡದ್ದು ರೊಕ್ಕ ಕೊಟ್ಟೇ. ಅವುಗಳ ನಕಲಾದರೂ ಮಾಡಿಕೊಳ್ಳಬಹುದೇ?

ಉತ್ತರ:
ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ನಮ್ಮ ಭಾಗದಲ್ಲಿ ಬೆಳೆದವರ ಹಳೆಯ ಆಟದ ನೆನಪು ಇರುವುದು ಹೆಚ್ಚಾಗಿ ಅಲ್ಲಿಯೇ: ಜಾತ್ರೆಯಲ್ಲೋ ಪೇಟೆಯಲ್ಲೋ ಕೊಂಡ ಟಿ.ವಿ. ಗೇಮ್, ಮೇಲೆ ಮಾರಿಯೊ ಮತ್ತು ಕಾಂಟ್ರಾದ ಚಿತ್ರ ಅಂಟಿಸಿದ ಕ್ಯಾಸೆಟ್, ಅದರ ಮೇಲೆ ‘9999 ಆಟ’ ಎಂಬ ಬರಹ, ಒಳಗೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ.

ಆ ಯಂತ್ರಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಂನ ನಕಲುಗಳು. ಯಂತ್ರದ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ, ಯಂತ್ರದ ಬಗ್ಗೆ ಇಂದು ತಕರಾರು ಕಡಿಮೆ. ಕ್ಯಾಸೆಟ್ ಒಳಗಿನ ಆಟಗಳ ಕಥೆ ಬೇರೆ. ಒಂದೇ ಕ್ಯಾಸೆಟ್‌ಗೆ ಹಲವು ಕಂಪನಿಗಳ ಆಟ ತುಂಬಿದವರು ಆ ಕಂಪನಿಗಳ ಅನುಮತಿ ಪಡೆದಿರಲಿಲ್ಲ. ನೀವು ರೊಕ್ಕ ಕೊಟ್ಟಿದ್ದೀರಿ, ಒಳ್ಳೆಯ ಮನಸ್ಸಿನಿಂದ ಕೊಂಡಿದ್ದೀರಿ, ನಿಮ್ಮ ತಪ್ಪೇನೂ ಇಲ್ಲ. ಆದರೂ ಅದು ‘ಕಾನೂನುಬದ್ಧವಾಗಿ ಪಡೆದ ಪ್ರತಿ’ ಆಗುವುದಿಲ್ಲ. ಮೂಲವೇ ನಕಲಿಯಾದ ಮೇಲೆ ಅದರ ನಕಲಿಗೆ 52ನೇ ಕಲಂ ಆಸರೆಯಾಗುವುದಿಲ್ಲ. ಕಾಯ್ದೆ ಅಸಲಿ ಪ್ರತಿಯ ಒಡೆಯನಿಗೆ ಉದಾರವಾಗಿದೆ, ಆದರೆ ಅಸಲಿ ಪ್ರತಿ ನಮ್ಮ ಊರುಗಳಿಗೆ ಬರಲೇ ಇಲ್ಲ. ಕಂಪನಿಗಳು ಇಲ್ಲಿ ಅಂಗಡಿ ತೆರೆಯಲಿಲ್ಲ, ನಮ್ಮ ಕೈಗೆಟುಕುವ ಬೆಲೆ ಇಡಲಿಲ್ಲ. ನನಗೆ ಇದು ಬಹಳ ನೋವಿನ ವಿಷಯ.

ಕ್ಯಾಸೆಟ್‌ಗಳನ್ನು ಮಾರಬೇಡಿ, ನೆನಪಿಗೆ ಇಟ್ಟುಕೊಳ್ಳಿ. ಅದೇ ಆಟಗಳನ್ನು ಹಕ್ಕುದಾರರು ಸಂಗ್ರಹಗಳಾಗಿ ಮರುಬಿಡುಗಡೆ ಮಾಡುತ್ತಿರುತ್ತಾರೆ. ಕಾಂಟ್ರಾ ಸರಣಿಯ ಹಳೆಯ ಆಟಗಳನ್ನು ಕೊನಾಮಿ 2019ರಲ್ಲಿ ಕಂಪ್ಯೂಟರಿಗೂ ಹೊಸ ಯಂತ್ರಗಳಿಗೂ ತಂದಿತು.

ಪ್ರಶ್ನೆ (ಗದಗ, ಶಾಲಾ ಶಿಕ್ಷಕರು):
ಮೇಡಂ, ಒಂದು ತಕರಾರು. ಕಂಪನಿಯೇ ಮಾರುವುದನ್ನು ನಿಲ್ಲಿಸಿದ, ಕೆಲವೊಮ್ಮೆ ಕಂಪನಿಯೇ ಮುಚ್ಚಿಹೋದ ಆಟವನ್ನು ಇಳಿಸಿಕೊಂಡರೆ ಯಾರಿಗೆ ನಷ್ಟ? ಯಾರೂ ಉಳಿಸದಿದ್ದರೆ ಒಂದು ಕಲೆಯೇ ಅಳಿದುಹೋಗುತ್ತದೆ. ಶಾಸನ, ವೀರಗಲ್ಲುಗಳನ್ನು ಕಾಪಾಡಬೇಕು ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಇದನ್ನು ಮಾತ್ರ ಕೈಬಿಡಬೇಕೇ? ಇಳಿಸಿಕೊಂಡು 24 ಗಂಟೆಯೊಳಗೆ ಅಳಿಸಿದರೆ ತಪ್ಪಿಲ್ಲ ಎಂದೂ ಆ ತಾಣಗಳಲ್ಲಿ ಬರೆದಿರುತ್ತಾರೆ.

ಉತ್ತರ:
24 ಗಂಟೆಯ ಮಾತು ಶುದ್ಧ ಸುಳ್ಳು, ಗುರುಗಳೇ. ಯಾವ ಕಾಯ್ದೆಯಲ್ಲೂ ಇಲ್ಲ.

ಉಳಿದ ತಕರಾರಿನಲ್ಲಿ ನಾನು ನಿಮ್ಮ ಪಕ್ಷ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗ್ರಂಥಾಲಯಗಳು ಸಂಶೋಧಕರಿಗೆ ಹಳೆಯ ಆಟಗಳನ್ನು ದೂರದಿಂದಲೇ ಒದಗಿಸಲು ವಿನಾಯಿತಿ ಕೊಡಿ ಎಂದು ಕೇಳಿದಾಗ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು. ಅದು ತಪ್ಪು ನಿರ್ಧಾರ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಯ್ದೆಯಲ್ಲೂ ಇಂಥದ್ದೇ ಕೊರತೆ ಇದೆ. 52(1)(ಎನ್) ಪ್ರಕಾರ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು, ಆದರೆ ಅದರ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಗ್ರಂಥಾಲಯದ ಬಳಿ ಇರಬೇಕು. ಪುಸ್ತಕಕ್ಕೆ ಇದು ಸರಿ. ಆಟದ ಡಿಸ್ಕ್ ಹುಟ್ಟಿದ್ದೇ ಡಿಜಿಟಲ್ ರೂಪದಲ್ಲಿ, ಡಿಜಿಟಲ್ ಅಲ್ಲದ ಪ್ರತಿ ತರುವುದೆಲ್ಲಿಂದ? 2012ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಾಗಲೂ ಆಟಗಳನ್ನು ಯಾರೂ ನೆನೆಯಲಿಲ್ಲ. ವೈಯಕ್ತಿಕ ಬಳಕೆಗೆ ಇರುವ ಸಾಮಾನ್ಯ ರಿಯಾಯಿತಿ, 52(1)(ಎ), ಕಂಪ್ಯೂಟರ್ ಪ್ರೋಗ್ರಾಂಗೆ ಅನ್ವಯಿಸುವುದಿಲ್ಲ ಎಂದು ಆ ಕಲಂನಲ್ಲೇ ಬರೆದಿದೆ. ಹೀಗಾಗಿ (ಎಎ), (ಎಡಿ)ಗಳಿಗೇ ಜೋತುಬೀಳಬೇಕಾಗಿದೆ.

ಕಂಪನಿ ಮುಚ್ಚಿದರೆ ಹಕ್ಕು ಸಾಯುವುದಿಲ್ಲ. ಆಸ್ತಿಯ ಹಾಗೆ ಮಾರಾಟವಾಗಿ ಇನ್ನೊಬ್ಬರ ಕೈ ಸೇರಿರುತ್ತದೆ. ಹಕ್ಕನ್ನು ಬಿಟ್ಟುಕೊಡಬೇಕೆಂದರೆ ನಮ್ಮಲ್ಲಿ 21ನೇ ಕಲಂ ಪ್ರಕಾರ ಹಕ್ಕುಸ್ವಾಮ್ಯ ನೋಂದಣಾಧಿಕಾರಿಗೆ ತಿಳಿಸಬೇಕು ಅಥವಾ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಸುಮ್ಮನಿದ್ದರೆ ಬಿಟ್ಟುಕೊಟ್ಟಂತಲ್ಲ. ಹಕ್ಕುದಾರ ಪತ್ತೆಯೇ ಆಗದ ಕೃತಿಗೆ 31ಎ ಕಲಂ ಅಡಿ ಪರವಾನಗಿ ಕೇಳುವ ದಾರಿ ಇದೆ. ಸಂಸ್ಥೆಯೊಂದು ಮುಂದೆ ಬಂದರೆ ಆ ದಾರಿಯಲ್ಲಿ ಹೋಗಬಹುದು, ಒಬ್ಬ ಆಟಗಾರನಿಗೆ ಅದು ಆಗುವ ಕೆಲಸವಲ್ಲ.

ಹಕ್ಕುದಾರರೇ ಕೈಯೆತ್ತಿ ಕೊಟ್ಟ ಉದಾಹರಣೆಗಳೂ ಇವೆ. ‘ಬಿನೀತ್ ಎ ಸ್ಟೀಲ್ ಸ್ಕೈ’ ಎಂಬ 1994ರ ಆಟವನ್ನು ಅದರ ಕಂಪನಿ 2003ರಲ್ಲಿ ಎಲ್ಲರಿಗೂ ಉಚಿತ ಮಾಡಿತು. ಡೂಮ್ ಆಟದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಅದರ ಕರ್ತೃಗಳು 1997ರಲ್ಲಿ ಬಿಡುಗಡೆ ಮಾಡಿದರು. ಜಿಓಜಿ ಎಂಬ ಆನ್‌ಲೈನ್ ಮಳಿಗೆ ಹಳೆಯ ಡಾಸ್ ಆಟಗಳನ್ನು ಹಕ್ಕುದಾರರ ಒಪ್ಪಿಗೆಯಿಂದ, ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್‌ನ ಜೊತೆಗೇ ಕಟ್ಟಿ ಮಾರುತ್ತದೆ. ಮಕ್ಕಳಿಗೆ ತೋರಿಸಬೇಕೆಂದರೆ ಇಲ್ಲಿಂದ ಶುರು ಮಾಡಿ, ಗುರುಗಳೇ.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ, ಎಂಜಿನಿಯರಿಂಗ್ ವಿದ್ಯಾರ್ಥಿ):
ಅಕ್ಕಾ, ನಾನು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಗೇಮ್ ಬಾಯ್ (ನಿಂಟೆಂಡೊದ ಹಳೆಯ, ಕೈಯಲ್ಲಿ ಹಿಡಿದು ಆಡುವ ಯಂತ್ರ) ಎಮ್ಯುಲೇಟರ್ ಬರೆಯುತ್ತಿದ್ದೇನೆ. ಯುಜು ಎಂಬ ಎಮ್ಯುಲೇಟರ್ ಬರೆದವರು ಲಕ್ಷಾಂತರ ಡಾಲರ್ ಕಟ್ಟಬೇಕಾಯಿತು ಎಂದು ಓದಿ ಮನೆಯವರು ಹೆದರಿದ್ದಾರೆ. ಪ್ರಾಜೆಕ್ಟ್ ಬದಲಿಸಲೇ?

ಉತ್ತರ:
ಬದಲಿಸಬೇಡ ತಮ್ಮಾ, ಬರೆ. ಮನೆಯವರಿಗೆ ಇದನ್ನು ಓದಿ ಹೇಳು.

ಯುಜು ಎಂಬುದು ನಿಂಟೆಂಡೊ ಸ್ವಿಚ್‌ನ ಎಮ್ಯುಲೇಟರ್. ಆಗ ಅಂಗಡಿಯಲ್ಲಿ ಮಾರಾಟದಲ್ಲಿದ್ದ ಯಂತ್ರ ಅದು. ಅದರ ಆಟಗಳಿಗೆ ಗೂಢಲಿಪಿಯ ಬೀಗವಿದೆ, ಕೀಲಿಯಿಲ್ಲದೆ ತೆರೆಯುವುದಿಲ್ಲ. ನಿಂಟೆಂಡೊ 2024ರ ಫೆಬ್ರುವರಿಯಲ್ಲಿ ಹೂಡಿದ ದಾವೆಯ ಮುಖ್ಯ ಆಪಾದನೆಯೇ ಆ ಬೀಗ ಒಡೆಯಲು ಅನುವು ಮಾಡಿಕೊಟ್ಟರು ಎಂಬುದು. ಮಾರ್ಚ್‌ನಲ್ಲಿ 24 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾದರು. ಎರಡೂ ಕಡೆಯ ವಾದ ಕೇಳಿ, ಎಮ್ಯುಲೇಟರ್ ತಪ್ಪು ಎಂದು ನ್ಯಾಯಾಲಯ ವಿಚಾರಣೆ ನಡೆಸಿ ಕೊಟ್ಟ ತೀರ್ಪಲ್ಲ ಅದು. ನಮ್ಮಲ್ಲಿ ಬೀಗ ಒಡೆಯುವುದಕ್ಕೆ 65ಎ ಕಲಂ ಅಡಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇತ್ತು ಎಂಬುದು ಸಾಬೀತಾಗಬೇಕು.

ಗೇಮ್ ಬಾಯ್ 1989ರ ಯಂತ್ರ, ಅದರ ಕಾರ್ಟ್ರಿಜ್‌ಗೆ ಗೂಢಲಿಪಿ ಇಲ್ಲ. 52(1)(ಎಸಿ) ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ, ಅಭ್ಯಾಸ ಮಾಡಿ, ಪರೀಕ್ಷಿಸಲು ಅನುಮತಿ ಕೊಡುತ್ತದೆ. 52(1)(ಎಬಿ) ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಇನ್ನೊಂದರ ಜೊತೆ ಕೆಲಸ ಮಾಡಲು ಬೇಕಾದ ಮಾಹಿತಿಯನ್ನು, ಅದು ಬೇರೆಡೆ ಸುಲಭವಾಗಿ ಸಿಗದಿದ್ದಾಗ, ಹೊರತೆಗೆಯಲು ಬಿಡುತ್ತದೆ. ನಿನಗೆ ಅದರ ಅಗತ್ಯವೂ ಬೀಳಲಿಕ್ಕಿಲ್ಲ. ಗೇಮ್ ಬಾಯ್ ಒಳಗಿನ ಪ್ರತಿ ರಿಜಿಸ್ಟರ್‌ನ ವಿವರವನ್ನು ಹವ್ಯಾಸಿಗಳು ಬರೆದಿಟ್ಟಿದ್ದಾರೆ.

ಎಚ್ಚರ ವಹಿಸಬೇಕಾದದ್ದು ಸಣ್ಣ ಜಾಗಗಳಲ್ಲಿ. ಆನ್ ಮಾಡಿದೊಡನೆ ಓಡುವ 256 ಬೈಟ್‌ನ ಬೂಟ್ ರೋಮ್ (ROM, ಚಿಪ್‌ನಲ್ಲಿ ಕಾಯಂ ಬರೆದಿಟ್ಟ ಪ್ರೋಗ್ರಾಂ) ನಿಂಟೆಂಡೊದ್ದು. ಅದನ್ನು ನಿನ್ನ ಸಂಕೇತದೊಳಗೆ ಅಂಟಿಸಬೇಡ. ಅದು ಮುಗಿದ ಮೇಲೆ ರಿಜಿಸ್ಟರ್‌ಗಳು ಯಾವ ಸ್ಥಿತಿಯಲ್ಲಿರುತ್ತವೋ ಅಲ್ಲಿಂದಲೇ ನಿನ್ನ ಎಮ್ಯುಲೇಟರ್ ಶುರುವಾಗಲಿ. ಕಾರ್ಟ್ರಿಜ್‌ನ ಶಿರೋಭಾಗದಲ್ಲಿ ನಿಂಟೆಂಡೊ ಲಾಂಛನದ 48 ಬೈಟ್‌ಗಳಿರುತ್ತವೆ, ಅವು ತಾಳೆಯಾಗದಿದ್ದರೆ ಅಸಲಿ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ನಿನ್ನದು ಆ ತಪಾಸಣೆಯನ್ನೇ ಮಾಡಬೇಕಾಗಿಲ್ಲ. ಲಾಂಛನವನ್ನು ಇಂಥ ಬೀಗವಾಗಿ ಬಳಸುವ ಉಪಾಯವನ್ನು ಸೇಗಾ ಎಂಬ ಗೇಮ್ ಕಂಪನಿ ಕೂಡ ಮಾಡಿತ್ತು. ಅಕೊಲೇಡ್ ಎಂಬ ಆಟ ತಯಾರಿಸುವ ಕಂಪನಿಯ ವಿರುದ್ಧದ ಪ್ರಕರಣದಲ್ಲಿ 1992ರಲ್ಲಿ ಅಮೆರಿಕದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಾಗಿದ್ದರೂ ನಿನ್ನ ಎಮ್ಯುಲೇಟರ್‌ನ ಹೆಸರಿನಲ್ಲಿ, ಐಕಾನ್‌ನಲ್ಲಿ ನಿಂಟೆಂಡೊ ಎಂದಾಗಲಿ ಗೇಮ್ ಬಾಯ್ ಎಂದಾಗಲಿ ಇಡಬೇಡ, ಅದು ಟ್ರೇಡ್‌ಮಾರ್ಕ್‌ನ ಪ್ರಶ್ನೆ. ‘ಗೇಮ್ ಬಾಯ್ ಆಟಗಳಿಗೆ ಹೊಂದುತ್ತದೆ’ ಎಂದು ವಿವರಣೆಯಲ್ಲಿ ಬರೆಯಬಹುದು.

ವೈವಾ ದಿನ ಮಾರಿಯೊ ಆಡಿಸಿ ತೋರಿಸುವ ಆಸೆ ನಿನಗಿರುತ್ತದೆ. ಬದಲಿಗೆ ಹವ್ಯಾಸಿಗಳು ಮುಕ್ತ ಪರವಾನಗಿಯಲ್ಲಿ ಹಂಚಿರುವ ಗೇಮ್ ಬಾಯ್ ಆಟವೊಂದನ್ನು ತೆಗೆದುಕೋ, ಎಮ್ಯುಲೇಟರ್ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷಾ ರೋಮ್‌ಗಳನ್ನು ಓಡಿಸಿ ಫಲಿತಾಂಶ ತೋರಿಸು. ಸಮಯ ಸಿಕ್ಕರೆ ಕನ್ನಡ ಅಕ್ಷರ ಮೂಡುವ ಪುಟ್ಟ ಆಟವನ್ನು ನೀನೇ ಬರೆ. ಗೇಮ್ ಬಾಯ್ ಚಿತ್ರ ಕಟ್ಟುವುದು 8×8 ಚುಕ್ಕೆಗಳ ಹೆಂಚುಗಳಲ್ಲಿ, ಒತ್ತಕ್ಷರ ಕೂರಿಸಲು ಎರಡು ಹೆಂಚಿನ ಎತ್ತರವಾದರೂ ಬೇಕಾದೀತು. ಗಿಟ್‌ಹಬ್‌ಗೆ ಏರಿಸುವಾಗ ಪರೀಕ್ಷೆಗೆಂದು ಇಟ್ಟುಕೊಂಡ ಆಟದ ಫೈಲು ಯಾವುದಾದರೂ ಹಳೆಯ ಕಮಿಟ್‌ನಲ್ಲಿ (ಮೊದಲು ಉಳಿಸಿಟ್ಟ ಆವೃತ್ತಿಯಲ್ಲಿ) ಉಳಿದಿದೆಯೇ ನೋಡು. ಈಗಿನ ಫೋಲ್ಡರಿನಿಂದ ಅಳಿಸಿದರೂ ಇತಿಹಾಸದಲ್ಲಿ ಇದ್ದೇ ಇರುತ್ತದೆ, ಇದ್ದರೆ ಇತಿಹಾಸವನ್ನೇ ತೊಳೆದು ಆಮೇಲೆ ಏರಿಸು. ಕೊಂಡಿಯನ್ನು ಇಲ್ಲಿ ಹಾಕು, ನೋಡುತ್ತೇನೆ.